ಹಡಗು ಹತ್ತೋ ಮುಂಚೆ ಎರಡು ರಾತ್ರಿ

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಮತ್ತೆ ಹೋದ ವಾರ ‘ಬರೀ ಮ್ಯೂಚುವಲ್ ಫಂಡ್ ಬಗ್ಗೆನೇ ಎಷ್ಟು ದಿನ ಕೊರೀತೀಯಾ’ ಅಂತ ಮೆಸೇಜ್ ಹಾಕಿದ ಆ ಗೆಳೆಯರಿಗೂ. ಇವತ್ತೂ ದುಡ್ಡಿನ ವಿಷಯನೇ. ಆದ್ರೆ ಸ್ವಲ್ಪ ದೂರ ಹೋಗ್ತಾ ಇದೀವಿ, ಡ್ಯಾನ್ಯೂಬ್ ನದಿ ತನಕ.

ವಿಷಯ ಹೀಗೆ. ನಮ್ಮ ಚಿಕ್ಕಮ್ಮ ಚಿಕ್ಕಪ್ಪ ಮುಂದಿನ ಮೇ ತಿಂಗಳಲ್ಲಿ ಯೂರೋಪಿನ ರಿವರ್ ಕ್ರೂಸ್‌ಗೆ ಹೊರಟಿದ್ದಾರೆ. ಜರ್ಮನಿಯ ಪಸ್ಸಾವ್‌ನಲ್ಲಿ ಹಡಗು ಹತ್ತಿ, ಏಳು ರಾತ್ರಿ ಕಳೆದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಇಳಿಯೋದು. ಮಧ್ಯೆ ಆಸ್ಟ್ರಿಯಾ, ಸ್ಲೊವಾಕಿಯಾ. ಹಡಗಿನ ಏಳು ದಿನದ ಬಗ್ಗೆ ನಾವು ಯೋಚನೆ ಮಾಡೋದು ಏನೂ ಇರಲ್ಲ. ಊಟ ಅವರೇ ಕೊಡ್ತಾರೆ, ಊರು ಅವರೇ ತೋರಿಸ್ತಾರೆ. ನಮ್ಮ ತಲೆಗೆ ಬರೋದು ಅದರ ಹಿಂದಿನ ದಿನ, ಮುಂದಿನ ದಿನ. ‘ಅಷ್ಟು ದೂರ ಹೋಗ್ತಾ ಇದೀವಿ, ಇನ್ನೊಂದೆರಡು ಊರು ನೋಡ್ಕೊಂಡು ಬರೋಣ’ ಅಂತ ಎಲ್ಲರೂ ಹೇಳ್ತಾರೆ. ಚಿಕ್ಕಮ್ಮನೂ ಹೇಳಿದ್ರು. ಪ್ಲಾನ್ ಮಾಡೋ ಕೆಲಸ ನನಗೆ ಬಂತು.

ನನಗೆ ಯಾಕೆ ಬಂತು ಅಂದ್ರೆ, ಇದೇ ಪ್ರವಾಸವನ್ನ ಅಪ್ಪ ಅಮ್ಮನಿಗೆ ಪ್ಲಾನ್ ಮಾಡಿ ಹಾಳು ಮಾಡಿದ ಅನುಭವ ನನಗಿದೆ. ಮೊದಲು ಆ ಕಥೆ.

ಅಪ್ಪ ಹೈಸ್ಕೂಲ್ ಗಣಿತ ಮೇಷ್ಟ್ರಾಗಿ ರಿಟೈರ್ ಆದ್ರು. ರಿಟೈರ್ಮೆಂಟ್ ದುಡ್ಡಲ್ಲಿ ಸ್ವಲ್ಪ, ಅಕ್ಕ ಸ್ವಲ್ಪ, ನಾನು ಸ್ವಲ್ಪ ಹಾಕಿ ಕ್ರೂಸ್ ಬುಕ್ ಮಾಡಿದ್ವಿ. ಇಬ್ಬರಿಗೆ 5 ಲಕ್ಷ 60 ಸಾವಿರ, ಬರೀ ಹಡಗಿಗೆ. ವಿಮಾನ, ಹೋಟೆಲ್ ಎಲ್ಲ ನನ್ನ ಜವಾಬ್ದಾರಿ. ನಾನು ಬಿಕಾಂ. ಎಕ್ಸೆಲ್ ಶೀಟ್ ತೆಗೆದೆ. ಹಡಗು ಹತ್ತೋದು ಮಧ್ಯಾಹ್ನ 3 ಗಂಟೆ ಮೇಲೆ. ವಿಮಾನ ಮ್ಯೂನಿಕ್‌ಗೆ ಇಳಿಯೋದು ಅವತ್ತೇ ಬೆಳಿಗ್ಗೆ 7ಕ್ಕೆ. ಅಲ್ಲಿಂದ ಪಸ್ಸಾವ್‌ಗೆ ರೈಲಲ್ಲಿ ಎರಡು ಎರಡೂವರೆ ಗಂಟೆ. ಆರಾಮಾಗಿ ತಲುಪ್ತಾರೆ! ಹಿಂದಿನ ದಿನವೇ ಹೋಗಿ ಹೋಟೆಲ್‌ಗೆ ಎರಡು ರಾತ್ರಿ, 22 ಸಾವಿರ ಯಾಕೆ ಸುರೀಬೇಕು? ಆ ದುಡ್ಡನ್ನ ಕೊನೆಯಲ್ಲಿ ಬಳಸಿದ್ರೆ ಇನ್ನೂ ಎರಡು ಊರು ನೋಡಬಹುದು. ಹೀಗೆ ಲೆಕ್ಕ ಹಾಕಿ, ಮುಂಚೆ ಸೊನ್ನೆ ರಾತ್ರಿ, ಆಮೇಲೆ ನಾಲ್ಕು ರಾತ್ರಿ ಅಂತ ಇಟ್ಟೆ. ಬುಡಾಪೆಸ್ಟ್ ಒಂದು, ವಿಯೆನ್ನಾ ಒಂದು, ಪ್ರಾಗ್ ಎರಡು.

ಬೆಂಗಳೂರಿಂದ ಹೊರಡೋ ವಿಮಾನವೇ ಮೂರು ಗಂಟೆ ಲೇಟು. ಮಧ್ಯದ ಊರಲ್ಲಿ ಕನೆಕ್ಷನ್ ತಪ್ಪಿತು. ಮುಂದಿನ ಸೀಟು ಸಿಕ್ಕಿದ್ದು ಮಾರನೇ ದಿನ. ಏರ್‌ಲೈನ್‌ನವರು ಹೋಟೆಲ್ ಕೊಟ್ರು, ಊಟ ಕೊಟ್ರು, ಸರಿ. ಆದ್ರೆ ಚೆಕ್ ಇನ್ ಬ್ಯಾಗ್ ಅವರ ಹತ್ರನೇ ಉಳೀತು, ಅಮ್ಮನ ಬಿಪಿ ಮಾತ್ರೆ ಆ ಬ್ಯಾಗಲ್ಲಿತ್ತು. ರಾತ್ರಿ 1 ಗಂಟೆಗೆ ಅಪ್ಪ ಫೋನ್ ಮಾಡಿ ‘ಅಮ್ಮನಿಗೆ ತಲೆ ಸುತ್ತುತ್ತಾ ಇದೆ, ಮಾತ್ರೆ ಹೆಸರು ಹೇಳೋ’ ಅಂದ್ರು. ನನಗೆ ಗೊತ್ತಿರಲಿಲ್ಲ. ಪಕ್ಕದ ಬೀದಿ ಮೆಡಿಕಲ್ ಶಾಪಿನವರನ್ನ ಎಬ್ಬಿಸಿ ಹೆಸರು ಕೇಳ್ಕೊಂಡೆ. ಅಷ್ಟೊತ್ತಲ್ಲಿ ಅಲ್ಲಿ ಅದು ಸಿಗಲೂ ಇಲ್ಲ. ಅಮ್ಮ ಒಂದು ದಿನ ಮಾತ್ರೆ ಇಲ್ಲದೆ ಕಳೆದ್ರು.

ಹಡಗು ಕಾಯಲ್ಲ. ಇದನ್ನ ಬಸ್ಸು, ರೈಲಿನ ಅಭ್ಯಾಸದಲ್ಲಿ ನಾವು ಮರೀತೀವಿ. ಅವತ್ತು ಸಂಜೆ ಹಡಗು ಪಸ್ಸಾವ್ ಬಿಟ್ಟು ಹೋಯ್ತು. ಮಾರನೇ ದಿನ ಅದು ಆಸ್ಟ್ರಿಯಾದ ಲಿಂಝ್‌ನಲ್ಲಿ ನಿಂತಿರುತ್ತೆ, ಸಂಜೆ 6ಕ್ಕೆ ಹೊರಡುತ್ತೆ ಅಂತ ಹಡಗಿನ ರಿಸೆಪ್ಷನ್‌ನವರು ಫೋನಲ್ಲಿ ಹೇಳಿದ್ರು. ಅಪ್ಪ ಅಮ್ಮ ಮ್ಯೂನಿಕ್‌ಗೆ ಇಳಿದು, ಸಾಲ್ಸ್‌ಬರ್ಗ್ ಮೇಲೆ ರೈಲಲ್ಲಿ ಲಿಂಝ್‌ಗೆ ಹೋಗಿ, ಎರಡು ದೊಡ್ಡ ಸೂಟ್‌ಕೇಸ್ ಎಳ್ಕೊಂಡು ನದಿ ದಂಡೆಗೆ ಬಂದಾಗ ಹಡಗು ಹೊರಡೋಕೆ 40 ನಿಮಿಷ ಇತ್ತು. ಅಮ್ಮ ರೂಮಿಗೆ ಹೋದೋರು ಮಾರನೇ ದಿನ ಮಧ್ಯಾಹ್ನದ ತನಕ ಹೊರಗೆ ಬರಲಿಲ್ಲ.

ಈಗ ಲೆಕ್ಕ ನೋಡಿ. 5 ಲಕ್ಷ 60 ಸಾವಿರವನ್ನ ಏಳರಿಂದ ಭಾಗಿಸಿ. ಒಂದು ರಾತ್ರಿಗೆ 80 ಸಾವಿರ. ನಾನು 22 ಸಾವಿರ ಉಳಿಸಿ 80 ಸಾವಿರ ಕಳೆದೆ. ಮೇಲೆ ಆಗ ತಾನೇ ಕೌಂಟರಲ್ಲಿ ಕೊಂಡ ರೈಲು ಟಿಕೆಟ್ ಬೇರೆ. ಅಪ್ಪ ಗಣಿತ ಮೇಷ್ಟ್ರು, ಈ ಭಾಗಾಕಾರ ಅವರಿಗೂ ಗೊತ್ತು. ಇವತ್ತಿನ ತನಕ ಒಂದು ಸಲನೂ ನನ್ನ ಮುಂದೆ ಅದನ್ನ ಮಾಡಿಲ್ಲ. ಬೈದಿದ್ರೆ ಪರವಾಗಿರಲಿಲ್ಲ ಅನ್ಸುತ್ತೆ.

ಸರಿ. ಚಿಕ್ಕಮ್ಮನ ಪ್ಲಾನಿಗೆ ಬರೋಣ.

ಮೊದಲನೇ ನಿರ್ಧಾರ: ಹತ್ತೋ ಮುಂಚೆ ಎರಡು ರಾತ್ರಿ. ಒಂದು ಅಲ್ಲ, ಎರಡು. ಒಂದು ರಾತ್ರಿ ಇಟ್ರೆ ವಿಮಾನ 22 ಗಂಟೆ ತಡ ಆದಾಗ ಮತ್ತೆ ಅದೇ ಓಟ. ಎರಡಿದ್ರೆ ಒಂದು ಪೂರ್ತಿ ದಿನ ಹಾಳಾದ್ರೂ ಇನ್ನೊಂದು ಉಳಿಯುತ್ತೆ. ಏನೂ ಹಾಳಾಗದಿದ್ರೆ? ನಿದ್ದೆ ಸರಿಹೋಗುತ್ತೆ. ಬೇಸಿಗೆಯಲ್ಲಿ ಜರ್ಮನಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ದೊಡ್ಡದೇನಲ್ಲ. ಆದ್ರೆ 60 ದಾಟಿದೋರಿಗೆ ರಾತ್ರಿಯೆಲ್ಲ ಕೂತು ಬಂದ ಸುಸ್ತು ಬೇರೆ ಇರುತ್ತಲ್ಲ. ಇನ್ನೊಂದು, 2025ರ ಅಕ್ಟೋಬರ್ 12ರಿಂದ ಶೆಂಗೆನ್ ಗಡಿಯಲ್ಲಿ ಹೊಸ ವ್ಯವಸ್ಥೆ ಶುರುವಾಗಿದೆ. ಪಾಸ್‌ಪೋರ್ಟಿಗೆ ಸೀಲ್ ಹೊಡೆಯೋ ಬದಲು ನಮ್ಮ ವಿವರವನ್ನ ಕಂಪ್ಯೂಟರಲ್ಲಿ ದಾಖಲಿಸೋದು. ಮೊದಲ ಸಲ ಹೋಗೋರಿಗೆ ಕ್ಯೂ ಉದ್ದ ಇರಬಹುದು ಅಂತ ಇಟ್ಕೊಂಡೇ ಸಮಯ ಹಾಕಿ.

ಆ ಎರಡು ರಾತ್ರಿ ಎಲ್ಲಿ? ಎಲ್ಲರೂ ಹೇಳೋದು ಮ್ಯೂನಿಕ್. ನಾನು ಹೇಳೋದು ಪಸ್ಸಾವ್‌ನಲ್ಲೇ. ಹೇಗೂ ಹತ್ತೋ ಊರಲ್ಲೇ ಮಲಗಿದ್ರೆ ಕೊನೇ ದಿನ ರೈಲಿನ ಟೆನ್ಷನ್ ಇಲ್ಲ. ಜರ್ಮನ್ ರೈಲು ಅಂದ್ರೆ ಗಡಿಯಾರ ಅಂತ ನಾವು ಅಂದ್ಕೊಂಡಿದೀವಿ. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದಿದ್ದು ನೂರಕ್ಕೆ ಸುಮಾರು 62. ಅದೂ ಐದು ನಿಮಿಷ ತಡ ಆದ್ರೂ ಸಮಯಕ್ಕೆ ಬಂತು ಅಂತಲೇ ಲೆಕ್ಕ ಹಾಕ್ತಾರೆ. ಸೆಪ್ಟೆಂಬರ್ ಕೊನೆಯಲ್ಲಿ ಹೋಗೋರಂತೂ ಮ್ಯೂನಿಕ್ ಹೋಟೆಲ್ ದರ ನೋಡಿ ಬೆಚ್ಚಿ ಬೀಳ್ತೀರಾ. ಆಕ್ಟೋಬರ್‌ಫೆಸ್ಟ್ ಹೆಸರಲ್ಲಿ ಅಕ್ಟೋಬರ್ ಇದ್ರೂ ಅದು ಬಹುಪಾಲು ನಡೆಯೋದು ಸೆಪ್ಟೆಂಬರಲ್ಲಿ.

ಮತ್ತೆ ಪಸ್ಸಾವ್ ಚಿಕ್ಕ ಊರು, ನಡೆದೇ ನೋಡಬಹುದು. ಅಲ್ಲಿ ಮೂರು ನದಿ ಸೇರುತ್ತೆ: ಡ್ಯಾನ್ಯೂಬ್, ಇನ್, ಇಲ್ಝ್. ನಮ್ಮ ತಿರುಮಕೂಡಲಲ್ಲಿ ಕಪಿಲೆ ಕಾವೇರಿ ಕೂಡೋ ಜಾಗ ನೋಡಿದೀರಲ್ಲ, ಆ ಥರ ಒಂದು ಮೂಲೆ. ನೀರಿನ ಬಣ್ಣ ಬೇರೆ ಬೇರೆ ಕಾಣುತ್ತೆ, ಇಲ್ಝ್ ಕಪ್ಪಗೆ, ಇನ್ ಹಸಿರು ಬೆರೆತ ಹಾಲಿನ ಥರ. ಚರ್ಚಲ್ಲಿ ಸುಮಾರು 18 ಸಾವಿರ ಪೈಪ್ ಇರೋ ಆರ್ಗನ್ ಇದೆ, ಮೇ ಇಂದ ಅಕ್ಟೋಬರ್ ತನಕ ಸಾಮಾನ್ಯವಾಗಿ ಮಧ್ಯಾಹ್ನ ಕಚೇರಿ ಇರುತ್ತೆ. ಇದನ್ನೆಲ್ಲ ಅಪ್ಪ ಅಮ್ಮ ನೋಡಲೇ ಇಲ್ಲ. ಅವರ ಹಡಗು ಶುರುವಾದ ಊರು ಅವರಿಗೆ ರೈಲಿನ ಬೋರ್ಡಲ್ಲೂ ಕಾಣಲಿಲ್ಲ.

ಪಸ್ಸಾವ್‌ನ ಹಳೇ ಟೌನ್ ಹಾಲ್ ಗೋಡೆ ಮೇಲೆ ಪ್ರವಾಹದ ಗುರುತು ಇವೆ, ಯಾವ ವರ್ಷ ನೀರು ಎಲ್ಲಿ ತನಕ ಬಂದಿತ್ತು ಅಂತ. 2013ರಲ್ಲಿ 12.89 ಮೀಟರ್. 1501ರ ನಂತರ ಅಷ್ಟು ನೀರು ಬಂದಿರಲಿಲ್ಲ. ಈ ಗೋಡೆ ಬಗ್ಗೆ ಯಾಕೆ ಹೇಳ್ತಾ ಇದೀನಿ ಅಂದ್ರೆ, ರಿವರ್ ಕ್ರೂಸ್ ಬುಕ್ ಮಾಡೋರಿಗೆ ಯಾರೂ ಬಾಯಿಬಿಟ್ಟು ಹೇಳದ ವಿಷಯ ಇದು. ನದಿಯಲ್ಲಿ ನೀರು ಜಾಸ್ತಿ ಆದ್ರೆ ಹಡಗು ಸೇತುವೆ ಕೆಳಗೆ ನುಸುಳಲ್ಲ. ಕಡಿಮೆ ಆದ್ರೆ ತಳ ತಾಗುತ್ತೆ. 2022ರ ಬೇಸಿಗೆಯಲ್ಲಿ ಡ್ಯಾನ್ಯೂಬ್ ಎಷ್ಟು ಇಳಿದಿತ್ತು ಅಂದ್ರೆ ಸೆರ್ಬಿಯಾದ ಪ್ರಹೋವೊ ಹತ್ತಿರ ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಜರ್ಮನ್ ಹಡಗುಗಳು ಮೇಲೆ ಕಾಣಿಸಿದ್ವು. 2024ರ ಸೆಪ್ಟೆಂಬರಲ್ಲಿ ಉಲ್ಟಾ. ಬೋರಿಸ್ ಚಂಡಮಾರುತ ಬಂದು ಆಸ್ಟ್ರಿಯಾ ಕಡೆ ನದಿ ಉಕ್ಕಿ ಹಡಗು ಸಂಚಾರ ನಿಂತಿತ್ತು. ಬವೇರಿಯಾದಲ್ಲಿ ಸ್ಟ್ರಾಬಿಂಗ್ ಇಂದ ವಿಲ್ಸ್‌ಹೋಫೆನ್ ತನಕ ಸುಮಾರು 70 ಕಿಲೋಮೀಟರ್ ಅಣೆಕಟ್ಟು ಇಲ್ಲದೆ ನದಿ ತನ್ನಷ್ಟಕ್ಕೆ ಹರಿಯುತ್ತೆ, ಅಲ್ಲಿ ನೀರು ಬೇಗ ತೆಳ್ಳಗಾಗುತ್ತೆ. ನ್ಯೂರೆಂಬರ್ಗ್‌ನಿಂದ ಶುರುವಾಗೋ ಕ್ರೂಸ್ ತಗೊಂಡ್ರೆ ಆ ತುಂಡನ್ನ ದಾಟಲೇಬೇಕು. ಪಸ್ಸಾವ್‌ನಿಂದ ಹತ್ತಿದ್ರೆ ಆ ಒಂದು ತಲೆನೋವು ತಪ್ಪುತ್ತೆ.

ಹೀಗಾದಾಗ ಕಂಪನಿಯವರು ಏನು ಮಾಡ್ತಾರೆ? ಬಸ್ಸಲ್ಲಿ ಕರ್ಕೊಂಡು ಹೋಗಿ ಆ ಕಡೆ ಇನ್ನೊಂದು ಹಡಗು ಹತ್ತಿಸ್ತಾರೆ, ಇಲ್ಲ ಹತ್ತೋ ಊರನ್ನೇ ಬದಲಾಯಿಸ್ತಾರೆ. ಅದಕ್ಕೇ ಮುಂಚಿನ ಆಮೇಲಿನ ಹೋಟೆಲ್ ಎರಡೂ ಫ್ರೀ ಕ್ಯಾನ್ಸಲೇಷನ್ ಇರೋದನ್ನೇ ತಗೊಳ್ಳಿ. ನಾನ್ ರಿಫಂಡಬಲ್ ಅಂದ್ರೆ ಒಂದೂವರೆ ಸಾವಿರ ಕಡಿಮೆ ತೋರಿಸುತ್ತೆ. ಮುಟ್ಟಬೇಡಿ. ನನ್ನ ಥರದ ಬಿಕಾಂ ಬುದ್ಧಿಗೆ ಇಟ್ಟಿರೋ ಬಲೆ ಅದು.

ಈಗ ವೀಸಾ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಹೆಚ್ಚು ಜನ ಎಡವೋದು ಇಲ್ಲೇ.

ಶೆಂಗೆನ್ ವೀಸಾಗೆ ಯಾವ ದೇಶಕ್ಕೆ ಅರ್ಜಿ ಹಾಕಬೇಕು? ಎಲ್ಲಿ ಹೆಚ್ಚು ದಿನ ಇರ್ತೀರೋ ಆ ದೇಶಕ್ಕೆ. ದಿನ ಸಮ ಆದ್ರೆ ಮೊದಲು ಕಾಲಿಡೋ ದೇಶಕ್ಕೆ. ಚಿಕ್ಕಮ್ಮನ ಹಡಗಿನ ಏಳು ರಾತ್ರಿಯಲ್ಲಿ ನಾಲ್ಕು ಆಸ್ಟ್ರಿಯಾ, ಜರ್ಮನಿ ಒಂದು, ಸ್ಲೊವಾಕಿಯಾ ಒಂದು, ಹಂಗೇರಿ ಒಂದು. ಇದಕ್ಕೆ ಮುಂಚೆ ಪಸ್ಸಾವ್ ಎರಡು ಸೇರಿಸಿದ್ರೆ ಜರ್ಮನಿ ಮೂರಾಯ್ತು. ಕೊನೆಗೆ ಬುಡಾಪೆಸ್ಟ್ ಎರಡು ಸೇರಿಸಿದ್ರೆ ಹಂಗೇರಿನೂ ಮೂರು. ಆಸ್ಟ್ರಿಯಾ ನಾಲ್ಕು, ಹಾಗಾಗಿ ಅರ್ಜಿ ಆಸ್ಟ್ರಿಯಾಗೆ. ಚಿಕ್ಕಪ್ಪ ನಡುವೆ ‘ಬುಡಾಪೆಸ್ಟಲ್ಲಿ ನಾಲ್ಕು ದಿನ ಇರೋಣ’ ಅಂದ್ರು ಅಂದ್ಕೊಳ್ಳಿ, ಆಗ ಹಂಗೇರಿ ಐದಾಗುತ್ತೆ, ಅರ್ಜಿ ಹಾಕೋ ಬಾಗಿಲೇ ಬದಲಾಗುತ್ತೆ. ಅಂದ್ರೆ ಹೆಚ್ಚುವರಿ ದಿನಗಳನ್ನ ‘ಆಮೇಲೆ ನೋಡ್ಕೊಳ್ಳೋಣ’ ಅನ್ನೋ ಹಾಗಿಲ್ಲ. ಅಪಾಯಿಂಟ್‌ಮೆಂಟ್ ತಗೊಳ್ಳೋ ಮುಂಚೆನೇ ಫೈನಲ್ ಆಗಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. ದೊಡ್ಡವರಿಗೆ ಫೀಸು 90 ಯೂರೋ, 2024ರ ಜೂನ್‌ನಲ್ಲಿ ಏರಿಸಿದ್ದು. ಸೆಂಟರಿನ ಸರ್ವಿಸ್ ಚಾರ್ಜ್ ಬೇರೆ.

ವೀಸಾ ಬಂದ ಮೇಲೆ ಸ್ಟಿಕ್ಕರ್ ಓದಿ. ಯಾವಾಗಿಂದ ಯಾವಾಗಿನ ತನಕ ಅನ್ನೋ ತಾರೀಕಿನ ಕೆಳಗೆ ಎಷ್ಟು ದಿನ ಇರಬಹುದು ಅನ್ನೋ ಸಂಖ್ಯೆ ಬೇರೆ ಇರುತ್ತೆ. ಅಲ್ಲಿ 12 ಅಂತ ಇದ್ರೆ 12 ದಿನವೇ, ತಾರೀಕು ಇನ್ನೂ ಹದಿನೈದು ದಿನ ಮುಂದಕ್ಕಿದ್ರೂ. ಇಳಿದ ದಿನವೂ ಒಂದು, ಹೊರಟ ದಿನವೂ ಒಂದು. 11 ರಾತ್ರಿ ಅಂದ್ರೆ 12 ದಿನ. ಇನ್ಶೂರೆನ್ಸ್ ಕನಿಷ್ಠ 30 ಸಾವಿರ ಯೂರೋ ಕವರ್ ಇರಬೇಕು, ಅದೂ ಹಡಗಿನ ದಿನಕ್ಕಷ್ಟೇ ಅಲ್ಲ, ಹಿಂದೆ ಮುಂದೆ ಸೇರಿಸಿದ ದಿನಕ್ಕೂ.

ಬುಡಾಪೆಸ್ಟ್ ದಾಟಿ ಕಪ್ಪು ಸಮುದ್ರದ ಕಡೆ ಹೋಗೋ ಉದ್ದದ ಕ್ರೂಸ್ ತಗೊಳ್ಳೋರಿಗೆ ಒಂದು ಮಾತು. ಸೆರ್ಬಿಯಾ ಶೆಂಗೆನ್ ಅಲ್ಲ. ರೊಮೇನಿಯಾ, ಬಲ್ಗೇರಿಯಾ ಈಗ ಶೆಂಗೆನ್ ಒಳಗಿವೆ. ಅಂದ್ರೆ ನದಿ ಮೇಲೆ ಕೂತಿದ್ದ ಹಾಗೇ ನೀವು ಹೊರಗೆ ಹೋಗಿ ಮತ್ತೆ ಒಳಗೆ ಬರ್ತೀರಾ. ಸಿಂಗಲ್ ಎಂಟ್ರಿ ವೀಸಾ ಆಗಲ್ಲ.

ವಿಮಾನದ ಟಿಕೆಟ್ ವಿಷಯ ಬೇಗ ಮುಗಿಸ್ತೀನಿ. ರಿಟರ್ನ್ ಟಿಕೆಟ್ ಅಂತ ಮ್ಯೂನಿಕ್‌ಗೆ ಹೋಗಿ ಮ್ಯೂನಿಕ್‌ನಿಂದ ಬರೋದು ಬೇಡ. ಬುಡಾಪೆಸ್ಟಿಂದ ಮ್ಯೂನಿಕ್‌ಗೆ ರೈಲಲ್ಲಿ ಹತ್ತಿರ ಹತ್ತಿರ ಏಳು ಗಂಟೆ. ಮಲ್ಟಿ ಸಿಟಿ ಅನ್ನೋ ಬಟನ್ ಇದೆ ನೋಡಿ ಆ್ಯಪಲ್ಲಿ, ಅದನ್ನ ಒತ್ತಿ, ಹೋಗೋದು ಮ್ಯೂನಿಕ್, ಬರೋದು ಬುಡಾಪೆಸ್ಟ್. ಒಂದೇ ಟಿಕೆಟಲ್ಲಿ ಇರಲಿ. ಬೇರೆ ಬೇರೆ ಕೊಂಡ್ರೆ ಕನೆಕ್ಷನ್ ತಪ್ಪಿದಾಗ ಎರಡನೇ ವಿಮಾನದೋರು ‘ನಮಗೂ ಅದಕ್ಕೂ ಸಂಬಂಧ ಇಲ್ಲ’ ಅಂತಾರೆ.

ಕ್ರೂಸ್ ಕಂಪನಿಯವರೇ ಮುಂಚಿನ ಆಮೇಲಿನ ಹೋಟೆಲ್ ಪ್ಯಾಕೇಜ್ ಮಾರ್ತಾರೆ. ದುಬಾರಿ. ಆದ್ರೆ ಏರ್‌ಪೋರ್ಟಿಂದ ಕರ್ಕೊಂಡು ಹೋಗ್ತಾರೆ, ಸಾಮಾನು ಅವರೇ ಸಾಗಿಸ್ತಾರೆ. ಒಬ್ಬರೇ ಹೋಗೋ ವಯಸ್ಸಾದೋರಿಗೆ, ಫೋನಲ್ಲಿ ಮ್ಯಾಪ್ ನೋಡಿ ಅಭ್ಯಾಸ ಇಲ್ಲದೋರಿಗೆ ನಾನು ಅದನ್ನೇ ತಗೊಳ್ಳಿ ಅಂತೀನಿ. ಪ್ಯಾಕೇಜ್ ಕೊಂಡಾಗ ಟಿಸಿಎಸ್ ಅಂತ ಒಂದಷ್ಟು ಪರ್ಸೆಂಟ್ ಸೇರಿಸ್ತಾರೆ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗ್ತಾ ಬಂದಿದೆ, ಬುಕ್ ಮಾಡೋ ದಿನ ಕೇಳ್ಕೊಳ್ಳಿ. ಅದು ಹೋದ ದುಡ್ಡಲ್ಲ, ನಿಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರದ ಹತ್ರ ಇರೋ ದುಡ್ಡು. ಆದ್ರೆ ಪೆನ್ಷನ್ ಕಡಿಮೆ ಇದೆ, ಟ್ಯಾಕ್ಸ್ ಬರಲ್ಲ ಅಂತ ರಿಟರ್ನ್ ಹಾಕದೇ ಇರೋ ಅಪ್ಪ ಅಮ್ಮ ಇದ್ರೆ, ಆ ವರ್ಷ ರಿಟರ್ನ್ ಹಾಕಿಸಿ. ಹಾಕದಿದ್ರೆ ಅದು ವಾಪಸ್ ಬರಲ್ಲ.

ಇನ್ನು ಇಳಿದ ಮೇಲಿನ ದಿನಗಳು.

ಇಲ್ಲಿ ನನ್ನ ಎರಡನೇ ತಪ್ಪಿದೆ. ಹಡಗಲ್ಲಿ ಏಳು ದಿನ ಸೂಟ್‌ಕೇಸ್ ಒಂದೇ ಕಡೆ ಇರುತ್ತೆ. ಊರೇ ನಿಮ್ಮ ಹತ್ರ ಬರುತ್ತೆ. ಅದಕ್ಕೇ ಅಲ್ವಾ ವಯಸ್ಸಾದೋರಿಗೆ ಇದು ಹಿಡಿಸೋದು. ಇಳಿಯೋ ದಿನ ಬೆಳಿಗ್ಗೆ 9ರೊಳಗೆ ರೂಮು ಖಾಲಿ ಮಾಡಿಸ್ತಾರೆ. ಹೋಟೆಲ್ ಚೆಕ್ ಇನ್ ಮಧ್ಯಾಹ್ನ 3ಕ್ಕೆ. ಆ ಆರು ಗಂಟೆ ಯಾರ ಎಕ್ಸೆಲ್ ಶೀಟಲ್ಲೂ ಇರಲ್ಲ. ನಾನು ಅಪ್ಪ ಅಮ್ಮನಿಗೆ ನಾಲ್ಕು ರಾತ್ರಿಗೆ ಮೂರು ಊರು ಇಟ್ಟಿದ್ದೆ. ಬುಡಾಪೆಸ್ಟಿಂದ ವಿಯೆನ್ನಾಕ್ಕೆ ರೈಲು ಎರಡೂ ಮುಕ್ಕಾಲು ಗಂಟೆ ಅಷ್ಟೇ ಅಂತ. ಅಷ್ಟೇ ಹೌದು, ಆದ್ರೆ ಹೋಟೆಲಿಂದ ಸ್ಟೇಷನ್, ಸ್ಟೇಷನ್‌ನಿಂದ ಹೋಟೆಲ್, ಮೆಟ್ಟಿಲು, ಲಿಫ್ಟ್ ಕೆಟ್ಟಿರೋ ಪ್ಲಾಟ್‌ಫಾರ್ಮು. ಮೇಲಾಗಿ ವಿಯೆನ್ನಾವನ್ನ ಹಡಗಲ್ಲೇ ಆಗಲೇ ನೋಡಿದ್ರು! ‘ಪ್ರಾಗ್ ಹೇಗಿತ್ತಪ್ಪಾ’ ಅಂತ ಕೇಳಿದ್ರೆ ಅಪ್ಪ ‘ಕಲ್ಲು ಹಾಸಿದ ರಸ್ತೆ. ಸೂಟ್‌ಕೇಸ್ ಚಕ್ರ ಅಲ್ಲೇ ಮುರೀತು’ ಅಂದ್ರು. ಅಷ್ಟು ಚೆಂದದ ಊರಿನ ಬಗ್ಗೆ ಅವರಿಗಿರೋ ನೆನಪು ಅದು.

ಆ ನಾಲ್ಕು ದಿನದಲ್ಲಿ ಅಪ್ಪ ಇವತ್ತಿಗೂ ತಾವಾಗೇ ಎತ್ತಿ ಮಾತಾಡೋದು ಒಂದೇ ಒಂದು ಮಧ್ಯಾಹ್ನ. ಬುಡಾಪೆಸ್ಟಲ್ಲಿ ಸೆಚೆನಿ ಅಂತ ಬಿಸಿನೀರಿನ ಸ್ನಾನಗೃಹ ಇದೆ, 1913ರದ್ದು. ನೆಲದ ಒಳಗಿಂದ ಬರೋ ಬಿಸಿನೀರು. ಅಲ್ಲಿಗೆ ಹೋಗೋಕೆ ನೆಲದಡಿಯ ರೈಲು, 1896ರಲ್ಲಿ ಶುರುವಾಗಿದ್ದು, ಯೂರೋಪ್ ಖಂಡದ ನೆಲದ ಮೇಲೆ ಮೊದಲನೇದು. ಚಿಕ್ಕ ಹಳದಿ ಬೋಗಿ. ಸ್ನಾನಗೃಹದ ಹೊರಗಿನ ಕೊಳದಲ್ಲಿ ಎದೆಮಟ್ಟ ನೀರಲ್ಲಿ ನಿಂತು ಅಜ್ಜಂದಿರು ಚೆಸ್ ಆಡ್ತಾರೆ. ಅಮ್ಮ ‘ನಾನು ನೀರಿಗಿಳಿಯಲ್ಲ’ ಅಂತ ಬೆಂಚ್ ಮೇಲೆ ಕೂತ್ರು. ಅಪ್ಪ ಚಡ್ಡಿ ಹಾಕ್ಕೊಂಡು ನೀರಿಗಿಳಿದು ಒಂದು ಗಂಟೆ ಬೇರೆಯವರ ಚೆಸ್ ನೋಡ್ತಾ ನಿಂತಿದ್ರಂತೆ. ಕೊನೆಗೆ ಒಬ್ಬ ಅಜ್ಜ ಬೆರಳಲ್ಲಿ ಸನ್ನೆ ಮಾಡಿ ‘ನೀನು ಏನು ನಡೆಸ್ತೀಯಾ’ ಅಂತ ಕೇಳಿದ್ರಂತೆ. ಅಪ್ಪ ಕುದುರೆ ತೋರಿಸಿದ್ರಂತೆ.

ಆಮೇಲೆ ಹಿಂದಿನ ಫೋಟೊ ಎಲ್ಲ ತೆಗೆದು ನೋಡಿದೆ. ಹಡಗಿನವರು ತೋರಿಸಿದ ಬುಡಾಪೆಸ್ಟಲ್ಲಿ ಆ ಕೊಳ ಇಲ್ಲ. ಬಸ್ಸಲ್ಲಿ ಮೂರು ಗಂಟೆ ಸುತ್ತು, ಪಾರ್ಲಿಮೆಂಟು, ಕೋಟೆ, ಅಷ್ಟೇ. ಅದಕ್ಕೆ ಚಿಕ್ಕಮ್ಮನ ಪ್ಲಾನಲ್ಲಿ ಆಮೇಲೆ ಒಂದೇ ಊರು, ಬುಡಾಪೆಸ್ಟ್, ಎರಡು ರಾತ್ರಿ. ಒಟ್ಟು 11 ರಾತ್ರಿ. ಹಡಗು ನಿಲ್ಲೋ ದಂಡೆಗೆ ಹತ್ತಿರದ ಹೋಟೆಲ್, ಬೆಳಿಗ್ಗೆ ಸಾಮಾನು ಇಟ್ಕೊಳ್ತೀರಾ ಅಂತ ಇಮೇಲ್ ಹಾಕಿ ಕೇಳಿದೀನಿ, ಹೂಂ ಅಂದಿದಾರೆ. ಅಲ್ಲಿ ಯೂರೋ ಅಲ್ಲ, ಫೋರಿಂಟ್. ಕಾರ್ಡ್ ಮೆಷಿನ್ ‘ರೂಪಾಯಿಯಲ್ಲಿ ಕೊಡ್ತೀರಾ’ ಅಂತ ಕೇಳಿದ್ರೆ ಬೇಡ ಅನ್ನಿ, ಫೋರಿಂಟಲ್ಲೇ ಒತ್ತಿ. ರೂಪಾಯಿ ಒತ್ತಿದ್ರೆ ಅವರಿಗೆ ಬೇಕಾದ ದರ ಹಾಕ್ತಾರೆ.

ನಿನ್ನೆ ಚಿಕ್ಕಮ್ಮ ಪ್ಲಾನ್ ನೋಡಿ ಕೇಳಿದ ಮೊದಲ ಪ್ರಶ್ನೆ, ‘ತುಪ್ಪ ತಗೊಂಡು ಹೋಗಬಹುದಾ?’ ಇಲ್ಲ ಚಿಕ್ಕಮ್ಮ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರದೇಶದಿಂದ ಯೂರೋಪಿಯನ್ ಒಕ್ಕೂಟಕ್ಕೆ ಬ್ಯಾಗಲ್ಲಿ ತರೋ ಹಾಗಿಲ್ಲ. ಪನೀರು, ಪೇಡ ಎಲ್ಲ ಮನೇಲೇ ಬಿಡಿ. ಮತ್ತೆ ನೀವು ಇಳಿಯೋದು ಭಾನುವಾರ, ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತೆ, ಮೊಸರು ಬೇಕಂದ್ರೆ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿಯಲ್ಲಿ ಕೇಳಬೇಕು.

ಎರಡನೇ ಪ್ರಶ್ನೆ ಚಿಕ್ಕಪ್ಪಂದು, ‘ಹಡಗು ಹತ್ತೋ ಮುಂಚೆ ಎರಡು ದಿನ ಅಲ್ಲಿ ಏನು ಮಾಡೋದು, ಸುಮ್ನೆ ಖರ್ಚು.’ ನಾನು ಉತ್ತರ ಕೊಡೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಪಕ್ಕದಲ್ಲಿ ಪೇಪರ್ ಓದ್ತಾ ಕೂತಿದ್ದ ಅಪ್ಪ ತಲೆ ಎತ್ತದೆ ಹೇಳಿದ್ರು: ‘ನಿದ್ದೆ ಮಾಡಿ. ಮಾತ್ರೆ ಕೈಚೀಲದಲ್ಲಿಟ್ಕೊಳ್ಳಿ.’